ಗೇಣು ಕಡಿಮೆಯಾದ ಸೈಲೆನ್ಸರ್

ಹಿತ್ತಲಿನ ಶೆಡ್ಡಿನಿಂದ ಗರಗಸದ ಸದ್ದು ಬರುತ್ತಿತ್ತು. ಕರ್, ಕರ್, ಕರ್ ಎಂದು ನಾಲ್ಕಾರು ಸಲ ಎಳೆದು ಒಂದು ಬಿಡುವು, ಮತ್ತೆ ಕರ್, ಕರ್. ಕಿಟಕಿಯ ಪಕ್ಕ ತಲೆ ಬಾಚಿಕೊಳ್ಳುತ್ತ ಕೂತಿದ್ದ ಪುಟ್ಟಿಯ ಕೈ ಅರ್ಧದಲ್ಲೇ ನಿಂತಿತು. ಬ್ಲೇಡು ಹೊಸದು. ಕತ್ತರಿಸುತ್ತಿರುವುದು ತೆಳು ತಗಡಿನ ಕೊಳವೆ. ಅದರೊಳಗೆ ಇನ್ನೊಂದು ಕೊಳವೆ ಇದೆ. ಹೊರಗಿನದು ಮುಗಿದು ಒಳಗಿನದಕ್ಕೆ ಹಲ್ಲು ತಾಗಿದ ಕ್ಷಣ ಸದ್ದು ಒಂದು ಮೆಟ್ಟಿಲು ಮೇಲೇರಿತು. ಅಣ್ಣ ಅಂತೂ ಬೈಕಿನ ಸೈಲೆನ್ಸರಿಗೆ ಕೈಹಾಕಿದ್ದಾನೆ ಎಂದು ಅವಳಿಗೆ ನೋಡದೆಯೇ ತಿಳಿಯಿತು.

ಕಿವಿಯೇ ಅವಳ ಕಸುಬು. ನಲವತ್ತೆರಡು ವರ್ಷವಾದರೂ ಮನೆಯಲ್ಲಿ ಪುಟ್ಟಿಯಾಗಿಯೇ ಉಳಿದ ಈ ಹೆಂಗಸು ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಕಿವಿ ಮೇಡಂ. ಆಸ್ಪತ್ರೆಯ ಹಿಂಬದಿಯಲ್ಲಿ, ಗೋಡೆಗೆಲ್ಲ ತೂತುತೂತಿನ ಹಲಗೆ ಬಡಿದ, ದಪ್ಪ ಬಾಗಿಲಿನ ಒಂದು ಸಣ್ಣ ಕೋಣೆ ಅವಳದು. ಬಂದವರ ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಸೂಜಿ ಬಿದ್ದಂಥ ಸದ್ದಿನಿಂದ ಹಿಡಿದು ಬಾಗಿಲು ಬಡಿದಂಥ ಸದ್ದಿನವರೆಗೆ ಒಂದೊಂದಾಗಿ ಕೊಡುತ್ತಾಳೆ. ಕೇಳಿಸಿದರೆ ಬೆರಳೆತ್ತಬೇಕು. ಕೇಳಿಸದಿದ್ದರೂ ನಾಚಿಕೆಗೆ ಬೆರಳೆತ್ತುವ ಮುದುಕರನ್ನು ಅವಳು ಬೈಯುತ್ತಾಳೆ. ಕೇಳಿಸಿಯೂ ಕೇಳಿಸದವರಂತೆ ಕೂರುವವರನ್ನು ಇನ್ನೂ ಹೆಚ್ಚು ಬೈಯುತ್ತಾಳೆ. ಅವಳ ಸಿಟ್ಟು ಮೂಗಿನ ತುದಿಯಲ್ಲಿಲ್ಲ, ಕಿವಿಯ ತುದಿಯಲ್ಲಿದೆ ಎಂದು ಅತ್ತಿಗೆ ನಗುವುದುಂಟು. ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಕಿವಿಗಳೇ.

ಒಂಬತ್ತು ವರ್ಷದವಳಿದ್ದಾಗ ಶಾಲೆಯ ಕಾಂಪೌಂಡು ಗೋಡೆ ಅವಳ ಬಲಗಾಲಿನ ಮೇಲೆ ಬಿತ್ತು. ಕಾಲು ಉಳಿಯಿತು. ಆದರೆ ಮಂಡಿ ಮತ್ತೆ ಮಡಚಲಿಲ್ಲ. ಮಂಡಿಯಿಂದ ಕೆಳಗೆ ಚಿವುಟಿದರೂ ಗೊತ್ತಾಗದು. ಬಸ್ಸು ಅವಳಿಗಾಗಿ ಕಾಯುವುದಿಲ್ಲ. ಎರಡನೇ ಮೆಟ್ಟಿಲಿಗೆ ಕಾಲು ಎತ್ತುವಷ್ಟರಲ್ಲಿ ಹೊರಟುಬಿಡುತ್ತದೆ. ಆಟೋದಲ್ಲಿ ಕೂತರೆ ಅರ್ಧ ಕಾಲು ಹೊರಗೆ. ಹಾಗಾಗಿ ಕೆಲಸ ಸಿಕ್ಕ ದಿನದಿಂದಲೂ ಅವಳನ್ನು ಅಣ್ಣನೇ ಬೈಕಿನಲ್ಲಿ ಬಿಟ್ಟು, ಅಣ್ಣನೇ ಕರೆತರುತ್ತಾನೆ. ಮೊದಮೊದಲು ಒಂದೇ ಕಡೆಗೆ ಎರಡೂ ಕಾಲು ಹಾಕಿ ಕೂತು ನೋಡಿದಳು. ಮಡಚದ ಕಾಲು ರೈಲ್ವೆ ಗೇಟಿನಂತೆ ರಸ್ತೆಗೆ ಅಡ್ಡ ನಿಂತಿತು. ಅಂದಿನಿಂದ ಗಂಡಸರ ಹಾಗೆ ಎರಡು ಕಡೆಗೆ ಕಾಲು ಹಾಕಿಯೇ ಕೂರುವುದು. ಎಡಗಾಲು ಫುಟ್‌ರೆಸ್ಟಿನ ಮೇಲೆ, ಬಲಗಾಲು ನೇರ ಕೆಳಗೆ, ತುಸು ಹಿಂದಕ್ಕೆ.

ಹಳೆಯ ಬೈಕಿನಲ್ಲಿ ಅದರಿಂದ ತೊಂದರೆಯಿರಲಿಲ್ಲ. ಅದು ಕೈಕೊಟ್ಟ ಮೇಲೆ ಅಣ್ಣ ಬೇರೊಂದನ್ನು ತಂದ. ಇದರ ಸೈಲೆನ್ಸರು ಉದ್ದ; ಬಲಗಡೆಯಿಂದ ಹೊರಟು ಹಿಂದಿನ ಚಕ್ರವನ್ನೂ ದಾಟಿ ಚಾಚಿಕೊಂಡಿತ್ತು. ಅದರ ಮೇಲಿನ ರಕ್ಷಣೆಯ ತಗಡು ಮಾಮೂಲಿ ಕಾಲುಗಳಿಗಾಗಿ ಇಟ್ಟದ್ದು. ಪುಟ್ಟಿಯ ಕಾಲು ತಗಲುವ ಜಾಗಕ್ಕಿಂತ ಮೊದಲೇ ಮುಗಿದುಹೋಗಿತ್ತು.

ವಿಷಯ ತಿಳಿದದ್ದು ಒಬ್ಬ ಮುದುಕರಿಂದ. ಹೆಡ್‌ಫೋನು ಹಾಕಿಕೊಂಡು ಕೂತಿದ್ದ ಅವರು, ಅವಳು ಇನ್ನೂ ಗುಂಡಿ ಒತ್ತುವ ಮೊದಲೇ ಬೆರಳೆತ್ತಿದರು.

"ನಾನಿನ್ನೂ ಸದ್ದೇ ಕೊಟ್ಟಿಲ್ಲ. ಯಾಕೆ ಬೆರಳೆತ್ತಿದ್ರಿ?" ಎಂದು ಅವಳು ಗದರಿದಳು.

"ಸದ್ದಲ್ಲಮ್ಮ, ವಾಸನೆ ಬಂತು" ಎಂದರು ಮುದುಕರು. "ಏನೋ ಸುಡ್ತಾ ಇದೆ."

ಮುಚ್ಚಿದ ಕೋಣೆಯಲ್ಲಿ ಸುಟ್ಟ ಬಟ್ಟೆಯ ವಾಸನೆ. ಅವಳು ಬಗ್ಗಿ ನೋಡಿದಳು. ಕಾಲುಚೀಲ ಕರಗಿ ಮೀನಖಂಡಕ್ಕೆ ಅಂಟಿಕೊಂಡಿತ್ತು, ಅಂಗೈಯಗಲದ ಗಾಯ. ಮನೆಯಿಂದ ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಅಷ್ಟೂ ಹೊತ್ತು ತನ್ನದೇ ಕಾಲು ಬೇಯುತ್ತಿದ್ದರೆ ತಾನು ಅಣ್ಣನ ಬೆನ್ನ ಹಿಂದೆ ಕೂತು ಹೂವಿನ ಅಂಗಡಿಗಳನ್ನು ನೋಡುತ್ತಿದ್ದೆ ಎಂಬುದು ಅವಳಿಗೆ ಗಾಯಕ್ಕಿಂತ ಹೆಚ್ಚು ಉರಿಯಿತು.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಕೊನೆಯ ಪಟ್ಟಿ ಬಿಚ್ಚುವ ದಿನ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, "ಈ ಕಾಲಲ್ಲಿ ರಕ್ತ ಓಡಾಡೋದೇ ಕಷ್ಟ. ಇನ್ನೊಂದು ಸಲ ಸುಟ್ಕೊಂಡು ಬಂದ್ರೆ ಮುಲಾಮು ಹಚ್ಚೋಕೆ ನಾನಿರಲ್ಲ, ಕತ್ತರಿಸೋರ ಹತ್ರ ಕಳಿಸ್ತೀನಿ" ಎಂದರು.

ಅಣ್ಣ ಜೊತೆಗೇ ನಿಂತು ಕೇಳಿಸಿಕೊಂಡ. ನೀರಿನ ಪಂಪು ರಿಪೇರಿಯ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದ ಆತ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮನೆಗೆ ಬಂದು ಬೈಕನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗಿ, "ಕತ್ತರಿಸೋದಾದ್ರೆ ಇದನ್ನ ಕತ್ತರಿಸೋಣ" ಎಂದ.

ಶೆಡ್ಡು ಎಂದರೆ ಹಳೆಯ ಬಚ್ಚಲುಮನೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಕಬ್ಬಿಣವನ್ನು ಕಚ್ಚಿಹಿಡಿಯುವ ವೈಸ್ ಕೂರಿಸಿಕೊಂಡಿದ್ದ. ಬಟ್ಟೆ ಎಲ್ಲಿ ಒಗೆಯಲಿ ಎಂದು ಅತ್ತಿಗೆ ಕೇಳಿ ಹದಿನೈದು ವರ್ಷವಾಗಿತ್ತು, ಉತ್ತರ ಬಂದಿರಲಿಲ್ಲ. ಅಲ್ಲಿ ಆ ಬೆಳಿಗ್ಗೆ ಸೈಲೆನ್ಸರಿನ ಬಾಲ ತುಂಡಾಗಿ ಬಿತ್ತು. ಅಣ್ಣ ಹಿಂದಿನ ದಿನವೇ ಬೈಕನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತಂಗಿಯನ್ನು ಸೀಟಿನ ಮೇಲೆ ಕೂರಿಸಿ, ಕಾಲು ತಾಗುವ ಜಾಗಕ್ಕಿಂತ ನಾಲ್ಕು ಬೆರಳು ಮುಂದೆ ಗೀರು ಹಾಕಿದ್ದ. ಅಳತೆ ಸರಿಯಾಗಿಯೇ ಇತ್ತು. ಕತ್ತರಿಸಿ, ಬಾಯಿಯ ಅಂಚಿಗೆ ತಗಡು ಬೆಸೆದು, ಒಂಬತ್ತು ಗಂಟೆಗೆಲ್ಲ ಇಬ್ಬರೂ ಹೊರಟರು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಓಡಿಬಂದ. "ಮೇಡಂ, ಮೇಡಂ, ನಿಮ್ಮ ಕಾಲಿಂದ ಹೊಗೆ ಬರ್ತಿದೆ!"

ಕಾಲಿನದಲ್ಲ, ಬೂಟಿನದು. ಕೊಳವೆಯ ಹೊಸ ಬಾಯಿ ಸರಿಯಾಗಿ ಅವಳ ಹಿಮ್ಮಡಿಗೆ ಗುರಿಯಿಟ್ಟು ಬಿಸಿಗಾಳಿ ಊದುತ್ತ ಬಂದಿತ್ತು. ಬೂಟಿನ ರಬ್ಬರು ಮೇಣದಂತೆ ಇಳಿದಿತ್ತು. ಅಣ್ಣ ರಸ್ತೆಯಲ್ಲೇ ಮೊಣಕಾಲೂರಿ ಕೂತು, ಬೂಟನ್ನೂ ಕೊಳವೆಯನ್ನೂ ಮತ್ತೆ ಮತ್ತೆ ನೋಡಿದ. ಮೂವತ್ತು ವರ್ಷದ ಕೈ ಅದು, ಕೂದಲೆಳೆಯಷ್ಟು ತಪ್ಪುವುದಿಲ್ಲ. ಆಮೇಲೆ ಹಣೆ ಚಚ್ಚಿಕೊಂಡ. ಸ್ಟ್ಯಾಂಡಿನ ಮೇಲೆ ನಿಂತ ಬೈಕಿಗೆ ಭಾರ ಗೊತ್ತಿಲ್ಲ. ಇಬ್ಬರು ಕೂತು ನೆಲಕ್ಕಿಳಿದರೆ ಹಿಂದಿನ ಸ್ಪ್ರಿಂಗು ಕುಗ್ಗುತ್ತದೆ, ಸೀಟು ಇಳಿಯುತ್ತದೆ, ಮಡಚದ ಕಾಲು ಇಳಿಯಲು ಜಾಗವಿಲ್ಲದೆ ಹಿಂದಕ್ಕೆ ಸರಿಯುತ್ತದೆ.

"ನಿಂತ ಬೈಕಿಗೆ ಅಳತೆ ತಗೊಂಡೆ ಪುಟ್ಟಿ" ಎಂದ. "ಓಡೋ ಬೈಕಿಗೆ ತಗೋಬೇಕಿತ್ತು."

"ಅಳೆದೂ ಸುರಿದೂ ನನ್ನ ಬೂಟು ತಿಂದೆ" ಎಂದಳು ಅವಳು. ಬೈದದ್ದು ಅಷ್ಟೇ. ಅಣ್ಣನನ್ನು ಬೈಯುವಾಗ ಅವಳ ಕಿವಿ ಕೆಂಪಾಗುತ್ತಿರಲಿಲ್ಲ.

ಎರಡನೆಯ ಅಳತೆ ಆ ಭಾನುವಾರ ಮನೆಯ ಮುಂದಿನ ಓಣಿಯಲ್ಲಿ ನಡೆಯಿತು. ಅಣ್ಣ ಮುಂದೆ, ಪುಟ್ಟಿ ಹಿಂದೆ, ಬೈಕು ಸ್ಟ್ಯಾಂಡಿನಿಂದ ಕೆಳಗೆ. ಅತ್ತಿಗೆ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಮೊಣಕೈಯೂರಿದ್ದಳು.

"ಇನ್ನೂ ಸ್ವಲ್ಪ ಕುಣೀರಿ ಇಬ್ಬರೂ, ಹೊಂಡಕ್ಕೆ ಬಿದ್ದ ಹಾಗೆ" ಎಂದಳು ಅತ್ತಿಗೆ. ಇಬ್ಬರೂ ಸೀಟಿನ ಮೇಲೆ ಎಗರಿದರು. ಎದುರು ಮನೆಯ ಲಾರಿ ಡ್ರೈವರು ಹಲ್ಲುಜ್ಜುತ್ತ ಬಾಗಿಲಿಗೆ ಬಂದು ನಿಂತ.

"ಏನಕ್ಕಾ, ಬೈಕಿಗೆ ಬಟ್ಟೆ ಹೊಲಿಸ್ತಿದೀರಾ?"

"ಹೂಂ ಕಣಪ್ಪ, ಮದುವೆ ಅದಕ್ಕೆ" ಎಂದಳು ಅತ್ತಿಗೆ ತಲೆಯೆತ್ತದೆ. "ಗಂಡ ಮುಂದಿನ ಸೀಟಲ್ಲಿ, ನಾದಿನಿ ಹಿಂದಿನ ಸೀಟಲ್ಲಿ, ನಾನು ಮಣ್ಣಲ್ಲಿ. ನನ್ನ ಹಣೆಬರಹ ಬರೆದೋನು ಸಿಕ್ಕಿದ್ರೆ ಈ ಸೀಮೆಸುಣ್ಣ ಅವನ ಕೈಗೇ ಕೊಡ್ತಿದ್ದೆ."

ನಗು ಮುಗಿದ ಮೇಲೆ ಗೀರು ಬಿತ್ತು. ಮೊದಲು ಕತ್ತರಿಸಿದ್ದೂ ಸೇರಿ ಒಟ್ಟು ಒಂದು ಗೇಣು. ಈ ಸಲ ಅಣ್ಣ ಬಾಯಿಯನ್ನು ನೆಲದ ಕಡೆಗೆ, ಒಳಮುಖವಾಗಿ ತಿರುಗಿಸಿದ. ಆದರೆ ಗೇಣುದ್ದ ಹೋದರೆ ಅದರೊಳಗೆ ಸದ್ದನ್ನು ತಡೆಯುತ್ತಿದ್ದ ತೂತಿನ ಕೊಳವೆಯೂ ಅಷ್ಟು ಹೋಗುತ್ತದೆ. ಬೈಕು ಚಾಲೂ ಮಾಡಿದಾಗ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಪುಟ್ಟಿ ತಲೆಯಾಡಿಸಿದಳು. ಅಣ್ಣ ಬೆಸುಗೆ ಬಿಡಿಸಿದ. ತೂತಿನ ಕೊಳವೆಯ ಸುತ್ತ ಸದ್ದು ನುಂಗುವ ಗಾಜಿನ ಉಣ್ಣೆ ಸುತ್ತಿ ತುಂಬಿದ. ಅವಳು ಮೂರು ಹೆಜ್ಜೆ ದೂರದಲ್ಲಿ ಗೋಡೆಗೊರಗಿ ಕಣ್ಣುಮುಚ್ಚಿ ಕೇಳಿದಳು. "ಕೆಳಗಿನ ಸದ್ದು ಹೋಗಿದೆ, ಮೇಲಿನದು ಇನ್ನೂ ಸೀಳ್ತಾ ಇದೆ." ಅಣ್ಣ ಮತ್ತೆ ಬಿಡಿಸಿದ. ಒಳಗೆ ಒಂದು ಅಡ್ಡತಗಡು ಕೂರಿಸಿದ. ಹೀಗೆ ಎರಡು ಭಾನುವಾರ. ಕೊನೆಗೆ ಬಂದ ಸದ್ದು ದಪ್ಪ ಕಂಬಳಿಯೊಳಗಿಂದ ಯಾರೋ ಮೆಲ್ಲಗೆ ಗೊರಕೆ ಹೊಡೆದಂತಿತ್ತು. ಅವಳು ಡಾಕ್ಟರನ್ನು ಕೇಳಿ, ತನ್ನ ಕೋಣೆಯ ಮೌನವನ್ನು ಪರೀಕ್ಷಿಸುವ ಅಂಗೈಯಗಲದ ಯಂತ್ರವನ್ನು ಒಂದು ದಿನದ ಮಟ್ಟಿಗೆ ತಂದು ಹಿಡಿದು ನೋಡಿದಳು. ಲಾರಿ ಡ್ರೈವರನದೂ ಅದೇ ಮಾದರಿಯ ಬೈಕು, ಕತ್ತರಿಸದ್ದು. ಅದಕ್ಕಿಂತ ಇದು ಎರಡು ಅಂಕ ಕಡಿಮೆ. ಚೀಟಿಯಲ್ಲಿ ಬರೆದು ಬೈಕಿನ ಕಾಗದಪತ್ರಗಳ ಜೊತೆ ಇಟ್ಟಳು.

ಆರು ತಿಂಗಳು ಹೀಗೆ ಹೋದವು. ಬೆಳಿಗ್ಗೆ ತಣ್ಣಗಿನ ಗಾಳಿ, ಅಣ್ಣನ ಬೆನ್ನು, ಹೂವಿನ ಅಂಗಡಿಗಳು. ಇಳಿದ ಮೇಲೆ ಒಮ್ಮೆ ಬಗ್ಗಿ ಮೀನಖಂಡ ಮುಟ್ಟಿ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಚರ್ಮ ತಣ್ಣಗಿರುತ್ತಿತ್ತು.

ಆಮೇಲೆ ಊರಿನಲ್ಲಿ ಕರ್ಕಶ ಬೈಕುಗಳನ್ನು ಹಿಡಿಯುವ ಅಭಿಯಾನ ಶುರುವಾಯಿತು. ಕಾಲೇಜು ಹುಡುಗರು ಸೈಲೆನ್ಸರು ಕತ್ತರಿಸಿ ಓಡಿಸುತ್ತಾರೆಂದು ಪತ್ರಿಕೆಗೆ ಯಾರೋ ಬರೆದಿದ್ದರು. ಪುಟ್ಟಿಗೆ ಅದನ್ನು ಓದಿ ಖುಷಿಯೇ ಆಗಿತ್ತು. ಅಂಥ ಸದ್ದಿಗೆ ಕಿವಿ ಕಳೆದುಕೊಂಡವರನ್ನು ಅವಳು ದಿನಾ ನೋಡುತ್ತಿದ್ದಳು. ದೊಡ್ಡ ವೃತ್ತದ ಬಳಿ ತಮ್ಮ ಬೈಕಿಗೇ ಕೈ ಅಡ್ಡ ಬಂದಾಗಲೂ ಅವಳು ಗಾಬರಿಯಾಗಲಿಲ್ಲ.

ತಪಾಸಣೆಯ ಅಧಿಕಾರಿಯ ಕೈಯಲ್ಲಿ ಒಂದು ಮರದ ಕೋಲಿತ್ತು. ಅದರ ಮೇಲೆ ಬಣ್ಣಬಣ್ಣದ ಗೆರೆಗಳು, ಒಂದೊಂದು ಮಾದರಿಯ ಬೈಕಿಗೆ ಒಂದೊಂದು. ಕೋಲನ್ನು ಸೈಲೆನ್ಸರಿಗೆ ಒತ್ತಿ ಹಿಡಿದು, "ಗೇಣು ಕಮ್ಮಿ ಇದೆಯಲ್ಲ" ಎಂದ. "ಯಾರು ಕೊಯ್ದದ್ದು?"

"ನಾನೇ ಸಾರ್" ಎಂದ ಅಣ್ಣ. ಸುಳ್ಳು ಹೇಳಲು ಹತ್ತಕ್ಕಿಂತ ಹೆಚ್ಚು ಮಾತು ಬೇಕು.

"ಸಾರ್, ಸದ್ದು ಕೇಳಿ ನೋಡಿ" ಎಂದಳು ಪುಟ್ಟಿ. "ಕಂಪನಿ ಬೈಕಿಗಿಂತ ಕಮ್ಮಿ ಇದೆ. ಅಳೆದು ಬರೆದಿದೀನಿ."

"ಸದ್ದು ಅಳೆಯೋ ಮೆಷೀನು ರಿಪೇರಿಗೆ ಹೋಗಿದೆಯಮ್ಮ. ಅದು ಬರೋವರೆಗೂ ಕೋಲಲ್ಲೇ ಅಳೀಬೇಕು ಅಂತ ಮೇಲಿನ ಆದೇಶ."

"ಕೋಲಿಗೆ ಕಿವಿ ಇದೆಯಾ ಸಾರ್?"

ಹಿಂದೆ ನಿಂತ ಪೇದೆ ನಕ್ಕುಬಿಟ್ಟ. ಅಧಿಕಾರಿ ನಗಲಿಲ್ಲ. ಸೈಲೆನ್ಸರು ಗಿಡ್ಡ ಎಂದರೆ ಸದ್ದು ಜಾಸ್ತಿ, ಇದು ಎಲ್ಲರಿಗೂ ಗೊತ್ತಿರುವ ವಿಷಯ ಎಂದ. ಅಣ್ಣ ಬೈಕಿನ ಬೀಗದ ಕೈ ಕೊಟ್ಟ. ಅವಳು ಕಾಲು ತೋರಿಸಿದಳು. ರಸ್ತೆಯಂಚಿನಲ್ಲಿ, ಅಷ್ಟು ಜನರ ನಡುವೆ, ಬಟ್ಟೆ ಮಂಡಿಯವರೆಗೆ ಎತ್ತಿ, ಅಂಗೈಯಗಲದ ಕಲೆಯನ್ನು. ಅಧಿಕಾರಿ ಅದನ್ನು ನೋಡದೆ ರಸೀದಿ ಬರೆಯುತ್ತಿದ್ದ. ಅವನು ನೋಡಿದ್ದರೆ ಅವಳಿಗೆ ನಾಚಿಕೆಯಾಗುತ್ತಿತ್ತು. ನೋಡದೇ ಇದ್ದುದಕ್ಕೆ ಮೈಯೆಲ್ಲ ಉರಿಯಿತು.

ನಾಲ್ಕು ದಿನ ಬೈಕು ಸಾರಿಗೆ ಕಚೇರಿಯ ಅಂಗಳದಲ್ಲಿ ನಿಂತಿತು. ನಾಲ್ಕು ದಿನ ಕಿವಿ ಪರೀಕ್ಷೆಯ ಕೋಣೆಗೆ ಬೀಗ ಬಿತ್ತು. ಆಸ್ಪತ್ರೆಯಲ್ಲಿ ಆ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ. ಎರಡನೆಯ ದಿನ ಆಟೋ ಹಿಡಿದು ಹೊರಟು, ಹೊರಗೆ ಚಾಚಿದ ಕಾಲಿಗೆ ತಳ್ಳುಗಾಡಿಯೊಂದು ತಗುಲಿ, ಅರ್ಧ ದಾರಿಯಿಂದ ಹಿಂದಿರುಗಿದ್ದಳು. ಮೂರನೆಯ ದಿನ ಆಸ್ಪತ್ರೆಯಿಂದ ಫೋನು ಬಂತು: ಸೋಮವಾರದಿಂದಲೂ ಬರಲಾಗದಿದ್ದರೆ ಬೇರೆ ವ್ಯವಸ್ಥೆ ನೋಡಬೇಕಾಗುತ್ತದೆ, ಮೇಡಂ ಬೇಜಾರು ಮಾಡಿಕೊಳ್ಳಬಾರದು.

ಐದನೆಯ ದಿನ ಅಣ್ಣ ಗುಜರಿಯಿಂದ ಒಂದು ಹಳೆಯ ಸೈಲೆನ್ಸರು ತಂದ. ಪೂರ್ತಿ ಉದ್ದದ್ದು. ಅದನ್ನು ಹೆಗಲಿಗೆ ಹಾಕಿಕೊಂಡೇ ತಂಗಿಯೊಡನೆ ಕಚೇರಿಗೆ ಹೋದ. ಅಂಗಳದಲ್ಲಿ ಧೂಳು ಹಿಡಿದ ಬೈಕುಗಳ ಸಾಲು. ವರಾಂಡದಲ್ಲಿ ಮೇಜು ಹಾಕಿಕೊಂಡು ಅದೇ ಅಧಿಕಾರಿ, ಪಕ್ಕದಲ್ಲಿ ಗುಮಾಸ್ತ.

"ಹಾಂ, ಇದು ಸರಿ" ಎಂದ ಅಧಿಕಾರಿ, ಕೋಲಿನ ಗೆರೆಗೆ ಗುಜರಿ ಸೈಲೆನ್ಸರು ಸರಿಹೊಂದಿದ್ದನ್ನು ನೋಡಿ. "ಇಲ್ಲೇ ಹಾಕ್ಕೊಂಡು ತೋರಿಸಿ, ಗಾಡಿ ತಗೊಂಡು ಹೋಗಿ."

ಪುಟ್ಟಿ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಖಾಲಿ ಡಬ್ಬದಂತೆ ಠಣಠಣ ಎಂದಿತು.

"ಸಾರ್, ಇದರೊಳಗೆ ಏನೂ ಇಲ್ಲ. ತುಕ್ಕು ಹಿಡಿದು ಎಲ್ಲಾ ಉದುರಿಹೋಗಿದೆ. ಇದನ್ನ ಹಾಕಿದ್ರೆ ಇಡೀ ಬೀದಿ ಎದ್ದು ಕೂರುತ್ತೆ."

"ಉದ್ದ ಸರಿ ಇದೆಯಲ್ಲಮ್ಮ."

"ಸದ್ದು ಹಿಡಿಯೋಕೆ ಬಂದೋರು ನೀವು. ಸದ್ದು ಮಾಡೋದನ್ನ ಬಿಡ್ತೀರಾ, ಮಾಡದೇ ಇರೋದನ್ನ ಹಿಡಿದಿಟ್ಕೋತೀರಾ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ನನಗಂತೂ ಅದು ಬರೀ ಗಾದೆಯಲ್ಲ ಸಾರ್, ಬರೆ ನನ್ನ ಕಾಲ ಮೇಲೇ ಇದೆ."

ವರಾಂಡದಲ್ಲಿ ಸರದಿಗೆ ನಿಂತವರು ಕತ್ತು ಚಾಚಿದರು. ಅಣ್ಣ ಅವಳ ತೋಳು ಮುಟ್ಟಿದ. "ಬಿಡು ಪುಟ್ಟಿ. ಇವತ್ತೊಂದು ದಿನ ಇದನ್ನ ಹಾಕಿ ಗಾಡಿ ಬಿಡಿಸ್ಕೊಳ್ಳೋಣ. ಮನೆಗೆ ಹೋಗಿ ನಮ್ಮದೇ ವಾಪಸ್ ಹಾಕ್ತೀನಿ."

"ನಾಳೆ ಮತ್ತೆ ವೃತ್ತದಲ್ಲಿ ಹಿಡೀತಾರೆ. ಆಗ?"

"ಸುತ್ತು ದಾರೀಲಿ ಹೋಗೋಣ."

"ಕಳ್ಳರ ಹಾಗೆ" ಎಂದಳು ಅವಳು.

ಅಣ್ಣ ಸ್ಪ್ಯಾನರು ತೆಗೆದುಕೊಂಡು ಬೈಕು ನಿಂತಿದ್ದ ಅಂಗಳಕ್ಕಿಳಿದ. ಎರಡು ಭಾನುವಾರ ಉರಿಯ ಮುಂದೆ ಕೂತು ಅವನು ಮಾಡಿದ್ದು ಜೀವಮಾನದ ಅಚ್ಚುಕಟ್ಟಾದ ಕೆಲಸ. ಬೆಸುಗೆಯ ಗೆರೆ ಹೆಣೆದ ಜಡೆಯಂತೆ ಕೂತಿತ್ತು. ಅದನ್ನು ಅವನೇ ಕದ್ದ ಮಾಲಿನಂತೆ ಬಚ್ಚಿಡಬೇಕು. ತನ್ನ ಕಾಲಿಗಾಗಿ ಈ ಮನುಷ್ಯ ಓಣಿಯ ತಿರುವಿನಲ್ಲೆಲ್ಲ ಕತ್ತು ಉದ್ದ ಮಾಡಿ ನೋಡಿಕೊಂಡು ಬದುಕಬೇಕು ಎಂದು ಯೋಚಿಸಿದಾಗ ಪುಟ್ಟಿಯ ಕಿವಿಗಳು ಕೆಂಡವಾದವು.

ಗುಮಾಸ್ತ ಮೆಲ್ಲಗೆ ಕೆಮ್ಮಿದ. ಅಲ್ಲಿಯವರೆಗೆ ಫೈಲಿನಲ್ಲಿ ಮುಖ ಹುದುಗಿಸಿದ್ದ ನರೆತ ತಲೆಯ ಮನುಷ್ಯ. "ಅಂಗವಿಕಲರ ಗಾಡಿಗೆ ಬದಲಾವಣೆ ಮಾಡ್ಕೋಬಹುದು ಅಂತ ಒಂದು ಅರ್ಜಿ ಇದೆ ಮೇಡಂ. ಸೈಲೆನ್ಸರಿಗೂ ಬರುತ್ತೆ."

"ಕೊಡಿ."

"ಆದ್ರೆ ಅದು ಗಾಡಿ ಓಡಿಸೋರಿಗೆ ಮಾತ್ರ." ಅರ್ಜಿಯ ಕಾಗದವನ್ನು ತಿರುಗಿಸಿ ತೋರಿಸಿದ. "ನೋಡಿ, ಚಾಲಕರ ಅಂಗವೈಕಲ್ಯದ ವಿವರ. ಹಿಂದೆ ಕೂತೋರಿಗೆ ಕಾಲಂ ಇಲ್ಲ."

ಅವಳು ಆ ಕಾಗದವನ್ನು ನೋಡುತ್ತ ನಿಂತಳು. ಇಪ್ಪತ್ತು ವರ್ಷ ಅವಳು ಹಿಂದೆಯೇ ಕೂತಿದ್ದಳು. ಹಿಂದೆ ಕೂತೇ ಕೆಲಸಕ್ಕೆ ಹೋಗಿ, ಸಾವಿರಾರು ಜನರ ಕಿವಿ ಪರೀಕ್ಷಿಸಿ, ಸಂಬಳ ತಂದು, ಮನೆಯ ಅರ್ಧ ಖರ್ಚು ಹೊತ್ತಿದ್ದಳು. ಹಿಂದೆ ಕೂತವರಿಗೂ ಕಾಲಿರುತ್ತದೆ ಎಂದು ಈ ಕಾಗದ ಬರೆದವರಿಗೆ ಹೊಳೆದಿರಲಿಲ್ಲ.

ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಚಾಲಕರ ಎಂಬ ಪದದ ಪಕ್ಕದಲ್ಲಿ "ಅಥವಾ ಹಿಂಬದಿ ಕೂತವರ" ಎಂದು ದುಂಡಗೆ ಬರೆದು, ಕೆಳಗೆ ತನ್ನ ವಿವರ ತುಂಬಿ, ಸದ್ದಿನ ಅಂಕಗಳ ಚೀಟಿಯನ್ನೂ ಡಾಕ್ಟರ ಹಳೆಯ ಚೀಟಿಯನ್ನೂ ಪಿನ್ನು ಹಾಕಿ ಮುಂದಿಟ್ಟಳು.

"ಸೀಲು ಹಾಕಿ."

"ಸರ್ಕಾರಿ ಅರ್ಜಿ ತಿದ್ದೋ ಹಾಗಿಲ್ಲಮ್ಮ!" ಎಂದ ಅಧಿಕಾರಿ, ಎದ್ದೇ ನಿಂತು.

"ಹಾಗಾದ್ರೆ ನೀವು ಬರೆದುಕೊಡಿ. ಈಕೆಯ ಕಾಲು ಸುಟ್ಟರೂ ಚಿಂತೆಯಿಲ್ಲ, ಸೈಲೆನ್ಸರು ಇಷ್ಟುದ್ದ ಇರಲೇಬೇಕು ಅಂತ. ಸಹಿ ಹಾಕಿ. ನಾನು ತಗೊಂಡು ಹೋಗಿ ನಮ್ಮ ಡಾಕ್ಟರಿಗೆ ಕೊಡ್ತೀನಿ."

ಅಧಿಕಾರಿ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮೊದಲ ಸಲ ಅವನ ಕಣ್ಣು ಅವಳ ಕಾಲಿನ ಕಡೆಗೆ ಹೋಗಿ, ತಕ್ಷಣ ಹಿಂದಿರುಗಿತು. "ನನ್ನ ಕೈಲಿ ಏನಿದೆ ಹೇಳಿ. ಇಂಥದ್ದಕ್ಕೆಲ್ಲ ದೊಡ್ಡ ಸಾಹೇಬರೇ ಸಹಿ ಹಾಕಬೇಕು. ಅವರು ಕೂರೋದು ಮೂರನೇ ಮಹಡೀಲಿ. ಲಿಫ್ಟ್ ಬೇರೆ ಇಲ್ಲ. ನೀವೊಂದು ಕೆಲಸ ಮಾಡಿ, ಅರ್ಜಿ ಇಲ್ಲಿ ಬಿಟ್ಟುಹೋಗಿ, ನಾನು ಯಾವಾಗಲಾದ್ರೂ..."

ಅವಳು ಅರ್ಜಿಯನ್ನು ಅವನ ಮುಂದಿನಿಂದ ಎಳೆದುಕೊಂಡು ಮಡಚಿದಳು. ವರಾಂಡದ ಕೊನೆಯಲ್ಲಿ ಮೆಟ್ಟಿಲುಗಳು ಕಾಣುತ್ತಿದ್ದವು. ಕಡಿದಾದವು, ಅಂಚು ಸವೆದವು. ಸರದಿಯವರು ತಾವಾಗಿಯೇ ಸರಿದು ದಾರಿ ಬಿಟ್ಟರು. ಗುಮಾಸ್ತ ಕುರ್ಚಿಯಿಂದ ಅರ್ಧ ಎದ್ದು, "ಮೇಡಂ, ಅರವತ್ತು ಮೆಟ್ಟಿಲಿದೆ" ಎಂದ. ಅಷ್ಟರಲ್ಲಿ ಅಣ್ಣ ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ತನ್ನದೇ ಸೈಲೆನ್ಸರಿನ ಮೊದಲ ನಟ್ಟಿಗೆ ಸ್ಪ್ಯಾನರು ಕೊಟ್ಟಿದ್ದ. ಅವಳು ಕಂಬಿ ಹಿಡಿದು ಎಡಗಾಲು ಮೇಲಿಟ್ಟಳು, ಬಲಗಾಲನ್ನು ಸೊಂಟದಿಂದ ಎತ್ತಿ ಅದರ ಪಕ್ಕಕ್ಕೆ ತಂದಳು, ಮತ್ತೆ ಎಡಗಾಲು.

"ಅಣ್ಣಾ, ಆ ಸ್ಪ್ಯಾನರು ಕೆಳಗಿಡು" ಎಂದಳು, ತಿರುಗಿ ನೋಡದೆ, ಏರುತ್ತಲೇ. "ನಾನು ಇಳಿದು ಬರೋವರೆಗೂ ಒಂದು ನಟ್ಟು ಕೂಡ ಬಿಚ್ಚಬೇಡ. ಯಾರಾದ್ರೂ ಬಂದು ಕೇಳಿದ್ರೆ ಹೇಳು, ಇದು ನಾನು ಮಾಡಿದ ಕೆಲಸ, ಸರಿಯಾಗೇ ಮಾಡಿದೀನಿ, ನನ್ನ ತಂಗಿ ಸಹಿ ತರೋಕೆ ಹೋಗಿದಾಳೆ, ತಂದೇ ತರ್ತಾಳೆ, ಇವತ್ತಾಗದಿದ್ರೆ ನಾಳೆ ಇದೇ ಮೆಟ್ಟಿಲು ಹತ್ತಿ ಮತ್ತೆ ಕೇಳ್ತಾಳೆ ಅಂತ."